ನುಡಿಸಲರಿಯದವನ ವಾದ್ಯ

ವಾದ್ಯವನ್ನು ಕಟ್ಟುವವನಿಗೆ ಅದನ್ನು ನುಡಿಸಲು ಬರಬೇಕೆ ಎಂಬ ಪ್ರಶ್ನೆಯು ಹೊಸದಲ್ಲ. ವೀಣೆಯನ್ನು ಕಟ್ಟುವ ಕುಶಲಕರ್ಮಿಯು ವೈಣಿಕ ವಿದ್ವಾಂಸನಾಗಿರಬೇಕೆಂಬ ನಿರ್ಬಂಧವೇನೂ ಇಲ್ಲವಾದರೂ, ಮೇಣದ ಮೇಲೆ ಮೆಟ್ಟಿಲುಗಳನ್ನು ಕೂರಿಸುವ ಹೊತ್ತಿಗೆ ಅವನ ಕಿವಿಯಲ್ಲಿ ಸ್ವರವು ನೆಲೆಗೊಂಡಿರಲೇಬೇಕು. ಇಲ್ಲವಾದರೆ ಮರವು ಮರವಾಗಿಯೇ ಉಳಿಯುತ್ತದೆ. ಹೀಗಿರಲು, ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಒಬ್ಬ ಮನುಷ್ಯನು ಗಿಟಾರನ್ನು ನುಡಿಸಲು ಎಂದೂ ಕಲಿಯದೆ, ಅದರ ಆರು ತಂತಿಗಳನ್ನು ಶ್ರುತಿಗೂಡಿಸುವುದನ್ನು ಸಹ ಅರಿಯದೆ, ಮುಂದೆ ಲೋಕವೆಲ್ಲ ನಕಲು ಮಾಡಿದ ಒಂದು ಗಿಟಾರನ್ನು ನಿರ್ಮಿಸಿದನೆಂದರೆ ಮೊದಲಿಗೆ ನಂಬಿಕೆ ಹುಟ್ಟುವುದು ಕಷ್ಟ. ಆತನ ಹೆಸರು ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್. ಬಳಗದವರೂ ಗಿರಾಕಿಗಳೂ ಕರೆಯುತ್ತಿದ್ದುದು ಲಿಯೊ ಎಂದು. ಆ ಗಿಟಾರಿನ ಹೆಸರು ಸ್ಟ್ರಾಟೊಕ್ಯಾಸ್ಟರ್. ೧೯೫೪ರಲ್ಲಿ ಅಂಗಡಿಗೆ ಬಂದ ಅದರ ಆಕಾರವನ್ನು ಗಿಟಾರನ್ನು ಎಂದೂ ಮುಟ್ಟದವರು ಸಹ ಚಿತ್ರದಲ್ಲಿ ಕಂಡ ಮಾತ್ರಕ್ಕೆ ಗುರುತಿಸುವರು. ಎರಡು ಕೊಂಬುಗಳಂತೆ ಮುಂದಕ್ಕೆ ಚಾಚಿದ ಒಡಲು, ಆರು ಬಿರಡೆಗಳೂ ಒಂದೇ ಪಕ್ಕದಲ್ಲಿ ಸಾಲುಗೊಂಡ ತಲೆ, ಎಲ್ಲಿಯೂ ಮೂಲೆಯೆಂಬುದೇ ಇಲ್ಲದಂತೆ ಉಜ್ಜಿ ನುಣುಪಾಗಿಸಿದ ಮೈ.

ಲಿಯೊ ಹುಟ್ಟಿದುದು ೧೯೦೯ನೆಯ ಇಸವಿ ಆಗಸ್ಟ್ ೧೦ರಂದು, ಲಾಸ್ ಏಂಜಲಿಸ್ ನಗರಕ್ಕೆ ಆಗ್ನೇಯದಲ್ಲಿರುವ ಆರೆಂಜ್ ಜಿಲ್ಲೆಯಲ್ಲಿ. ತಂದೆತಾಯಿಗಳಿಗೆ ಕಿತ್ತಳೆಯ ತೋಟವಿತ್ತು. ಎಂಟನೆಯ ವಯಸ್ಸಿನಲ್ಲಿ ಹುಡುಗನ ಎಡಗಣ್ಣು ಹೋಗಿ, ಗಾಜಿನ ಕಣ್ಣನ್ನು ಇಡಬೇಕಾಯಿತು. ಸಂಗೀತವನ್ನು ಆತನಿಗೆ ಕಲಿಸದೆ ಇರಲಿಲ್ಲ. ಸ್ವಲ್ಪ ಕಾಲ ಪಿಯಾನೊ, ಬಳಿಕ ಸ್ಯಾಕ್ಸೊಫೋನು, ಹೀಗೆ ಎರಡರಲ್ಲಿಯೂ ಕೈಯಾಡಿಸಿ ಬಿಟ್ಟನು. ಓದಿದುದು ಲೆಕ್ಕಪತ್ರದ ವಿದ್ಯೆ, ಹಿಡಿದುದು ಗುಮಾಸ್ತೆಯ ಉದ್ಯೋಗ. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಆ ಉದ್ಯೋಗವೂ ಹೋಯಿತು. ಬಾಲ್ಯದಿಂದಲೂ ರೇಡಿಯೊ ಯಂತ್ರಗಳಲ್ಲಿ ಆಸಕ್ತಿಯಿದ್ದುದರಿಂದ, ೧೯೩೮ರಲ್ಲಿ ಆರುನೂರು ಡಾಲರು ಸಾಲ ಮಾಡಿ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೊ ರಿಪೇರಿಯ ಅಂಗಡಿಯೊಂದನ್ನು ತೆರೆದನು. ಸ್ಟ್ರಾಟೊಕ್ಯಾಸ್ಟರಿನ ಚರಿತ್ರೆಯಲ್ಲಿ ಈ ಅಂಗಡಿಯ ಸಂಗತಿಯು ಬಲು ಮುಖ್ಯವಾದುದು. ಆ ವಾದ್ಯವು ಸಂಗೀತಗಾರನ ಕನಸಿನಿಂದ ಹುಟ್ಟಿದುದಲ್ಲ, ರಿಪೇರಿಯವನ ಮೇಜಿನ ಮೇಲೆ ಹುಟ್ಟಿದುದು. ಕೆಟ್ಟ ಯಂತ್ರವನ್ನು ಬಿಚ್ಚಿ ನೋಡಿದವನಿಗೆ ಅದು ಏತಕ್ಕೆ ಕೆಟ್ಟಿತೆಂಬುದು ತಿಳಿಯುತ್ತದೆ. ದಿನವೂ ಬಿಚ್ಚುವವನಿಗೆ ಅದನ್ನು ಹೇಗೆ ಮಾಡಿದ್ದರೆ ಬಿಚ್ಚುವುದು ಸುಲಭವಾಗುತ್ತಿತ್ತೆಂಬುದೂ ತಿಳಿಯುತ್ತದೆ.

ಇಲ್ಲಿ ಗಟ್ಟಿ ಒಡಲಿನ ಗಿಟಾರೆಂದರೇನೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿದೆ. ವೀಣೆಯ ಕೊಡದಂತೆ ಹಳೆಯ ಗಿಟಾರಿನ ಒಡಲೂ ಪೊಳ್ಳು. ತಂತಿಯ ಕಂಪನವು ಕುದುರೆಯ ಮೂಲಕ ತೆಳುವಾದ ಹಲಗೆಗೆ ಇಳಿದು, ಒಳಗಿನ ಗಾಳಿಯನ್ನು ಅಲುಗಿಸಿ, ನಾದವಾಗಿ ಹೊರಬೀಳುತ್ತದೆ. ನಾಲ್ಕು ಜನ ಕುಳಿತು ಕೇಳುವ ಕೋಣೆಗೆ ಇಷ್ಟು ಸಾಕು. ಆದರೆ ೧೯೨೦-೩೦ರ ಕಾಲದ ಅಮೆರಿಕದಲ್ಲಿ ನೃತ್ಯಶಾಲೆಗಳು ದೊಡ್ಡವಾದವು, ತುತ್ತೂರಿಗಳ ಮೇಳಗಳು ಬೆಳೆದವು, ಅವುಗಳ ನಡುವೆ ಗಿಟಾರಿನವನ ಕೈ ಆಡುತ್ತಿರುವುದು ಮಾತ್ರ ಕಾಣುತ್ತಿದ್ದಿತು. ತಂತಿಯ ಕೆಳಗೆ ಅಯಸ್ಕಾಂತವನ್ನೂ ತಾಮ್ರದ ಸುರುಳಿಯನ್ನೂ ಇಟ್ಟು ಆ ಸದ್ದನ್ನು ವಿದ್ಯುತ್ತಿನಿಂದ ಹೆಚ್ಚಿಸುವ ಉಪಾಯವನ್ನು ಜಾರ್ಜ್ ಬೋಷಾಂ ಎಂಬವನು ರಿಕನ್‌ಬ್ಯಾಕರ್ ಕಾರ್ಖಾನೆಯಲ್ಲಿ ಕಂಡುಹಿಡಿದನು. ೧೯೩೨ರಲ್ಲಿ ಮಾರಾಟಕ್ಕೆ ಬಂದ ಆ ಅಲ್ಯೂಮಿನಿಯಂ ಗಿಟಾರು ತೊಡೆಯ ಮೇಲಿಟ್ಟುಕೊಂಡು ಉಕ್ಕಿನ ತುಂಡಿನಿಂದ ತಂತಿಯನ್ನು ಒತ್ತಿ ನುಡಿಸುವ ಹವಾಯಿ ದ್ವೀಪದ ಪದ್ಧತಿಯದು. ದುಂಡಾದ ಒಡಲು, ಉದ್ದವಾದ ಹಿಡಿ. ಜನರು ಅದನ್ನು ಬಾಣಲೆಯೆಂದೇ ಕರೆದರು.

ಪೊಳ್ಳು ಗಿಟಾರಿಗೂ ಇದೇ ಯಂತ್ರವನ್ನು ಕೂಡಿಸಿದಾಗ ಬೇರೊಂದು ತೊಂದರೆ ತಲೆಹಾಕಿತು. ಧ್ವನಿವರ್ಧಕದಿಂದ ಹೊರಟ ಸದ್ದು ಮರಳಿ ಪೊಳ್ಳು ಒಡಲನ್ನು ಅಲುಗಿಸುವುದು, ಆ ಅಲುಗಾಟವು ಮತ್ತೆ ವರ್ಧಕಕ್ಕೆ ಹೋಗುವುದು, ಹೀಗೆ ಸುತ್ತಿ ಸುತ್ತಿ ಕೊನೆಗೆ ಕಿವಿ ಕೀಳುವ ಊಳು. ಒಡಲನ್ನು ಗಟ್ಟಿ ಮರದಿಂದ ಮಾಡಿಬಿಟ್ಟರೆ ಈ ಪೀಡೆ ಬಹಳಮಟ್ಟಿಗೆ ಕಳೆಯುತ್ತದೆ. ತಂತಿಯ ಶಕ್ತಿಯನ್ನು ಹಲಗೆಯು ನುಂಗದೆ ಇರುವುದರಿಂದ ನಾದವು ಹೆಚ್ಚು ಕಾಲ ನಿಲ್ಲುತ್ತದೆ. ಪ್ರಸಿದ್ಧ ವಾದಕನಾದ ಲೆಸ್ ಪಾಲ್ ಸುಮಾರು ೧೯೪೦ರಲ್ಲಿಯೇ ನಾಲ್ಕು ಅಂಗುಲ ಚೌಕದ ತೊಲೆಯೊಂದಕ್ಕೆ ತಂತಿ ಬಿಗಿದು ಇದನ್ನು ತೋರಿಸಿದ್ದನು. ಅದನ್ನು ಗಿಬ್ಸನ್ ಕಂಪನಿಯವರಿಗೆ ಒಯ್ದು ತೋರಿಸಿದಾಗ ಅವರು ನಕ್ಕು ಕಳುಹಿಸಿದರು. ಪಾಲ್ ಬಿಗ್ಸ್‌ಬಿ ಎಂಬ ಕುಶಲಿಯು ೧೯೪೮ರಲ್ಲಿ ಮರ್ಲ್ ಟ್ರಾವಿಸ್ ಎಂಬ ಗಾಯಕನಿಗೆ ಇಂಥದೇ ಒಂದನ್ನು ಮಾಡಿಕೊಟ್ಟನು. ಆದುದರಿಂದ ಗಟ್ಟಿ ಒಡಲಿನ ಗಿಟಾರನ್ನು ಕಂಡುಹಿಡಿದವನು ಲಿಯೊ ಎಂದು ಹೇಳುವುದು ಸರಿಯಲ್ಲ. ಇತರರು ಒಂದೊಂದನ್ನು ಮಾಡಿದರು. ಸಾವಿರ ಮಾಡುವ ಬಗೆಯನ್ನು ಆತನು ಕಂಡನು.

ರೇಡಿಯೊ ಅಂಗಡಿಗೆ ಸಂಗೀತಗಾರರು ಬರುತ್ತಿದ್ದುದು ವರ್ಧಕಗಳ ರಿಪೇರಿಗೆ. ೧೯೪೩ರ ಹೊತ್ತಿಗೆ ಲಿಯೊ ತನ್ನ ಸ್ನೇಹಿತನಾದ ಕೌಫ್‌ಮನ್ ಎಂಬವನೊಡನೆ ಸೇರಿ, ಪಿಕಪ್ ಎಂದು ಕರೆಯಲ್ಪಡುವ ಆ ಅಯಸ್ಕಾಂತದ ಯಂತ್ರವನ್ನು ಪರೀಕ್ಷಿಸುವ ಸಲುವಾಗಿ ಮರದ ತುಂಡೊಂದಕ್ಕೆ ತಂತಿ ಕಟ್ಟಿದನು. ನೋಟಕ್ಕೆ ಅದು ಒರಟು ಹಲಗೆ. ಆದರೂ ಆ ಊರಿನ ವಾದಕರು ಅದನ್ನು ಬಾಡಿಗೆಗೆ ಒಯ್ಯಲು ಸರದಿ ಕಾಯತೊಡಗಿದರು. ೧೯೪೫ರಲ್ಲಿ ಇಬ್ಬರೂ ಕೂಡಿ ವ್ಯಾಪಾರ ಆರಂಭಿಸಿದರು; ಮರುವರ್ಷ ಕೌಫ್‌ಮನ್ ಹಿಂದೆಗೆದನು. ಲಿಯೊ ತನ್ನ ಹೆಸರಿನಲ್ಲಿಯೇ ಕಾರ್ಖಾನೆಯನ್ನು ನಡೆಸಿ, ೧೯೪೮ರಲ್ಲಿ ಜಾರ್ಜ್ ಫುಲರ್ಟನ್ ಎಂಬ ಸಹಾಯಕನನ್ನು ಸೇರಿಸಿಕೊಂಡು, ೧೯೫೦ರಲ್ಲಿ ಮೊದಲ ಗಟ್ಟಿ ಒಡಲಿನ ಗಿಟಾರನ್ನು ಹೊರತಂದನು. ಒಂದು ಪಿಕಪ್ಪಿನದಕ್ಕೆ ಎಸ್ಕ್ವೈರ್ ಎಂದೂ ಎರಡರದಕ್ಕೆ ಬ್ರಾಡ್‌ಕ್ಯಾಸ್ಟರ್ ಎಂದೂ ಹೆಸರು. ಎರಡನೆಯ ಹೆಸರು ಉಳಿಯಲಿಲ್ಲ. ಗ್ರೆಚ್ ಎಂಬ ಕಂಪನಿಯವರು ತಮ್ಮ ಡೋಲುಗಳಿಗೆ ಆ ಹೆಸರು ಈಗಾಗಲೇ ಇದೆಯೆಂದು ೧೯೫೧ರ ಆರಂಭದಲ್ಲಿ ತಂತಿಸಮಾಚಾರ ಕಳುಹಿಸಿದರು. ಲಿಯೊ ಜಗಳಕ್ಕೆ ಹೋಗಲಿಲ್ಲ. ಛಾಪಿಸಿದ ಚೀಟಿಗಳಿಂದ ಆ ಪದವನ್ನು ಕತ್ತರಿಸಿಹಾಕಿ, ಕೆಲವು ತಿಂಗಳು ಬರಿಯ ಫೆಂಡರ್ ಎಂಬ ಚೀಟಿಯೊಡನೆಯೇ ಗಿಟಾರುಗಳನ್ನು ಮಾರಿದನು. ಆ ಬಳಿಕ ಅದಕ್ಕೆ ಟೆಲಿಕ್ಯಾಸ್ಟರ್ ಎಂಬ ಹೆಸರಾಯಿತು.

ಪೂರ್ವಕಾಲದ ಗಿಟಾರು ಕಟ್ಟುವವರು ಈ ವಸ್ತುವನ್ನು ಕಂಡು ಮೂಗು ಮುರಿದುದರಲ್ಲಿ ಆಶ್ಚರ್ಯವಿಲ್ಲ. ಕೆತ್ತನೆಯಿಲ್ಲ, ಬಾಗಿಸಿದ ಹಲಗೆಯಿಲ್ಲ. ಆಷ್ ಮರದ ಒಂದು ಮಣೆ, ಅದಕ್ಕೆ ನಾಲ್ಕು ತಿರುಪುಮೊಳೆಗಳಿಂದ ಬಿಗಿದ ಮೇಪಲ್ ಮರದ ದಂಡಿ. ಅವರು ದಂಡಿಯನ್ನು ಒಡಲಿಗೆ ಸರೇಸು ಹಾಕಿ ಶಾಶ್ವತವಾಗಿ ಬೆಸೆಯುತ್ತಿದ್ದರು. ದಂಡಿ ಬಾಗಿದರೆ ವಾದ್ಯವು ತಿಂಗಳುಗಟ್ಟಲೆ ಕುಶಲಕರ್ಮಿಯ ಮನೆಯಲ್ಲಿ ಬೀಳುತ್ತಿತ್ತು. ಲಿಯೊ ಮಾಡಿದುದರಲ್ಲಿ ತಿರುಪುಮೊಳೆಗಳನ್ನು ಕಳಚಿ ಬೇರೊಂದು ದಂಡಿಯನ್ನು ಹಾಕಿಕೊಂಡು ಆ ರಾತ್ರಿಯೇ ಕಚೇರಿ ನಡೆಸಬಹುದು. ರಾತ್ರಿಯ ನೃತ್ಯಶಾಲೆಯಲ್ಲಿ ದುಡಿದು ಹೊಟ್ಟೆ ಹೊರೆಯುವವನಿಗೆ ಇದರ ಬೆಲೆ ಎಷ್ಟೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಆದರೆ ಆ ವಾದಕರು ಸುಮ್ಮನಿರುವ ಜಾತಿಯವರಲ್ಲ. ಅವರ ದೂರುಗಳು ಬಂದೇ ಬಂದವು. ಮಣೆಯ ಅಂಚು ಪಕ್ಕೆಲುಬಿಗೆ ಚುಚ್ಚುತ್ತದೆ, ಮುಂಗೈ ಊರುವಲ್ಲಿ ನೋಯುತ್ತದೆ. ಕುದುರೆಯಲ್ಲಿ ಎರಡೆರಡು ತಂತಿಗೆ ಒಂದೊಂದೇ ಆಧಾರವಿರುವುದರಿಂದ ಮೇಲಿನ ಮೆಟ್ಟಿಲುಗಳಲ್ಲಿ ಸ್ವರವು ಚ್ಯುತವಾಗುತ್ತದೆ. ಬಿಲ್ ಕಾರ್ಸನ್ ಎಂಬ ವಾದಕನು ಇವನ್ನೆಲ್ಲ ಪಟ್ಟಿಮಾಡಿ ಹೇಳಿದನು. ರೆಕ್ಸ್ ಗ್ಯಾಲಿಯನ್ ಎಂಬವನೂ ಹೇಳಿದನು. ಮೊದಲು ಹೇಳಿದವರು ಯಾರೆಂಬ ವಿಷಯದಲ್ಲಿ ಮುಂದೆ ವಿವಾದವೇ ಬೆಳೆಯಿತು. ಯಶಸ್ಸಿಗೆ ಪಿತೃಗಳು ಬಹಳ ಮಂದಿ. ಇಲ್ಲಿ ಗಮನಿಸತಕ್ಕ ಸಂಗತಿ ಬೇರೆಯದು. ನುಡಿಸಬಲ್ಲ ನಿರ್ಮಾಪಕನಾಗಿದ್ದರೆ, ತನ್ನ ಕೈಗೆ ಹಿತವಾದುದು ಎಲ್ಲರಿಗೂ ಹಿತವೆಂದು ತಿಳಿದು ಈ ದೂರುಗಳನ್ನು ತಳ್ಳಿಹಾಕುವ ಸಂಭವವಿತ್ತು. ಲಿಯೊನಿಗೆ ಆ ಅಹಂಕಾರಕ್ಕೆ ಆಸ್ಪದವೇ ಇರಲಿಲ್ಲ. ಕೇಳುವುದೊಂದೇ ಆತನಿಗಿದ್ದ ದಾರಿ. ಅರ್ಧ ಮುಗಿದ ಗಿಟಾರನ್ನು ವಾದಕರ ಕೈಗಿತ್ತು, ಅವರು ನುಡಿಸುತ್ತಿರುವಾಗಲೇ ತಿರುಪುಳಿಯನ್ನು ಹಿಡಿದು ಬಳಿಯಲ್ಲಿ ನಿಲ್ಲುತ್ತಿದ್ದನು.

೧೯೫೩ರಲ್ಲಿ ಫ್ರೆಡ್ಡಿ ಟವಾರೆಸ್ ಎಂಬವನು ಕಾರ್ಖಾನೆಯನ್ನು ಸೇರಿದನು. ಹವಾಯಿ ದ್ವೀಪಗಳಲ್ಲಿ ಹುಟ್ಟಿದವನು, ಉಕ್ಕಿನ ಗಿಟಾರಿನಲ್ಲಿ ಪ್ರವೀಣ. ಹೊಸ ಗಿಟಾರಿನ ರೇಖೆಯನ್ನು ಎಳೆದವನು ಆತನೇ. ಒಡಲಿನ ಹಿಂಭಾಗವನ್ನು ಹೊಟ್ಟೆಗೆ ಹೊಂದುವಂತೆ ಕೊರೆದರು, ಮುಂಭಾಗವನ್ನು ಮುಂಗೈಗೆ ಇಳಿಜಾರಾಗುವಂತೆ ಉಜ್ಜಿದರು. ಎರಡೂ ಪಕ್ಕದಲ್ಲಿ ಕೊಂಬು ಬಿಟ್ಟುದರಿಂದ ಬೆರಳುಗಳು ಕೊನೆಯ ಮೆಟ್ಟಿಲಿನವರೆಗೆ ತಡೆಯಿಲ್ಲದೆ ಹೋಗುವಂತಾಯಿತು. ಮೇಲಿನ ಕೊಂಬು ಉದ್ದವಾದುದರಿಂದ ಹೆಗಲಿಗೆ ತೂಗಿದಾಗ ತೂಕ ಸಮವಾಯಿತು. ಪಿಕಪ್ಪುಗಳು ಮೂರು. ಒಂದೊಂದರಲ್ಲಿಯೂ ಆರು ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿಯ ಸುಮಾರು ಎಂಟು ಸಾವಿರ ಸುತ್ತು. ಮೇಲೆ ಉಕ್ಕಿನ ತಂತಿಯು ಮಿಡಿದೊಡನೆ ಅಯಸ್ಕಾಂತದ ಕ್ಷೇತ್ರವು ಕದಡಿ, ಸುರುಳಿಯಲ್ಲಿ ಅದೇ ಲಯದ ಕ್ಷೀಣ ವಿದ್ಯುತ್ತು ಹುಟ್ಟಿ ವರ್ಧಕಕ್ಕೆ ಹೋಗುತ್ತದೆ. ಕುದುರೆಯ ಹತ್ತಿರದ ಪಿಕಪ್ಪಿನ ನಾದವು ತೀಕ್ಷ್ಣ, ದಂಡಿಯ ಹತ್ತಿರದ್ದು ಗಂಭೀರ. ಕುದುರೆಯಲ್ಲಿ ಈಗ ಆರು ತಂತಿಗೂ ಬೇರೆ ಬೇರೆ ಆಧಾರಗಳು, ಒಂದೊಂದನ್ನೂ ಮೇಲಕ್ಕೂ ಹಿಂದಕ್ಕೂ ಸರಿಸಲು ಚಿಕ್ಕ ತಿರುಪುಗಳು.

ಆದರೆ ಎಲ್ಲಕ್ಕಿಂತ ಕಷ್ಟ ಕೊಟ್ಟುದು ಕುದುರೆಯ ಇನ್ನೊಂದು ಗುಣ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕವನ್ನು ತರುವಂತೆ, ಈ ಗಿಟಾರಿನಲ್ಲಿ ಒಂದು ಸನ್ನೆಯನ್ನು ಒತ್ತಿ ಆರು ತಂತಿಗಳ ಸ್ಥಾಯಿಯನ್ನೂ ಒಟ್ಟಿಗೆ ಅಲುಗಿಸುವಂತಿರಬೇಕು, ಬಿಟ್ಟೊಡನೆ ಶ್ರುತಿಯು ಸ್ವಸ್ಥಾನಕ್ಕೆ ಬರಬೇಕು. ಮೊದಲು ಮಾಡಿದ ಯಂತ್ರದಲ್ಲಿ ನಾದವು ಕ್ಷಣದಲ್ಲಿ ಸತ್ತುಹೋಗುತ್ತಿತ್ತು. ಅಚ್ಚುಗಳೆಲ್ಲ ಸಿದ್ಧವಾಗಿದ್ದರೂ ಲಿಯೊ ಅದನ್ನು ಹಾಗೆಯೇ ಬಿಸುಟು ಹೊಸದಾಗಿ ಆರಂಭಿಸಿದನು. ಕೊನೆಗೆ ಇಡೀ ಕುದುರೆಯೇ ತಕ್ಕಡಿಯಂತೆ ತೂಗುವ ಹಾಗೆ ಮಾಡಿ, ಒಡಲಿನ ಬೆನ್ನಿನಲ್ಲಿ ಕೊರೆದ ಗುಳಿಯೊಳಗೆ ಸ್ಪ್ರಿಂಗುಗಳನ್ನು ಹೂಡಿ, ಒಂದು ಕಡೆ ತಂತಿಗಳ ಎಳೆತ, ಇನ್ನೊಂದು ಕಡೆ ಸ್ಪ್ರಿಂಗುಗಳ ಎಳೆತ ಸರಿದೂಗುವಂತೆ ಮಾಡಿದನು. ಇದಕ್ಕೆ ೧೯೫೬ರಲ್ಲಿ ಹಕ್ಕುಪತ್ರವೂ ದೊರೆಯಿತು. ಆದರೆ ಹೆಸರಿಡುವಾಗ ಒಂದು ವಿನೋದ ನಡೆಯಿತು. ಪಾಶ್ಚಾತ್ಯ ಸಂಗೀತಶಾಸ್ತ್ರದಲ್ಲಿ ಸ್ಥಾಯಿಯ ಕಂಪನಕ್ಕೆ ವೈಬ್ರಾಟೊ ಎಂದೂ ಪ್ರಮಾಣದ ಏರಿಳಿತಕ್ಕೆ ಟ್ರೆಮೊಲೊ ಎಂದೂ ಸಂಜ್ಞೆ. ಲಿಯೊ ತನ್ನ ಸ್ಥಾಯಿಯ ಯಂತ್ರಕ್ಕೆ ಟ್ರೆಮೊಲೊ ಎಂದು ಹೆಸರಿಟ್ಟನು. ತನ್ನ ವರ್ಧಕಗಳಲ್ಲಿ ಪ್ರಮಾಣವನ್ನು ಏರಿಳಿಸುವ ಗುಂಡಿಗೆ ವೈಬ್ರಾಟೊ ಎಂದು ಬರೆಸಿದನು. ಎರಡೂ ತಲೆಕೆಳಗು. ಲಕ್ಷಣಕಾರರು ಏನು ಹೇಳಿದರೂ ಗಿಟಾರಿನವರ ಬಾಯಲ್ಲಿ ಆ ತಪ್ಪೇ ರೂಢಿಯಾಗಿ ನಿಂತುಬಿಟ್ಟಿದೆ.

ಸನ್ನೆಯ ಸಮೇತ ಗಿಟಾರಿನ ಬೆಲೆ ೨೪೯ ಡಾಲರು ೫೦ ಸೆಂಟು. ಸ್ಟ್ರಾಟೊಕ್ಯಾಸ್ಟರ್ ಎಂಬ ಹೆಸರನ್ನು ಇಟ್ಟವನು ಮಾರಾಟದ ವ್ಯವಹಾರ ನೋಡುತ್ತಿದ್ದ ಡಾನ್ ರ್‍ಯಾಂಡಲ್. ವಿಮಾನಗಳು ಹಾರುವ ಮೇಲಣ ಆಕಾಶದ ನೆನಪು ಅದರಲ್ಲಿದೆ. ಬಣ್ಣಗಳನ್ನು ಮೋಟಾರು ಗಾಡಿಗಳಿಗೆ ಬಳಿಯುವವರಿಂದಲೇ ತಂದರು. ಕುದುರೆಯ ಮೇಲೆ ಮುಚ್ಚಿದ ಲೋಹದ ತೊಟ್ಟಿಯನ್ನು ವಾದಕರು ಕಿತ್ತು ಸಿಗರೇಟಿನ ಬೂದಿ ಹಾಕಲು ಇಟ್ಟುಕೊಂಡರು. ಟೆಕ್ಸಸಿನ ಲಬಕ್ ಎಂಬ ಊರಿನ ಬಡ್ಡಿ ಹಾಲಿ ಎಂಬ ತರುಣನು ೧೯೫೭ರ ಡಿಸೆಂಬರ್ ೧ರಂದು ಈ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಅಮೆರಿಕದ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡನು. ಕನ್ನಡಕ ಹಾಕಿಕೊಂಡ ಕೃಶನಾದ ಹುಡುಗ. ಹದಿನಾಲ್ಕು ತಿಂಗಳಲ್ಲಿ, ೧೯೫೯ರ ಫೆಬ್ರವರಿ ೩ರಂದು, ವಿಮಾನಾಪಘಾತದಲ್ಲಿ ಆತನು ಮಡಿದಾಗ ವಯಸ್ಸು ೨೨. ಆತನ ಸಮಾಧಿಯ ಕಲ್ಲಿನ ಮೇಲೆ ಸ್ಟ್ರಾಟೊಕ್ಯಾಸ್ಟರನ್ನೇ ಕೆತ್ತಿದ್ದಾರೆ. ಇಂಗ್ಲೆಂಡಿನಲ್ಲಿ ಅಮೆರಿಕದ ವಾದ್ಯಗಳ ಆಮದಿಗೆ ನಿರ್ಬಂಧವಿದ್ದುದರಿಂದ ಅಲ್ಲಿನ ಹುಡುಗರು ಅದನ್ನು ಚಿತ್ರದಲ್ಲಿ ಮಾತ್ರ ಕಂಡಿದ್ದರು. ೧೯೫೯ರಲ್ಲಿ ಗಾಯಕ ಕ್ಲಿಫ್ ರಿಚರ್ಡನು ತನ್ನ ಮೇಳದ ಹ್ಯಾಂಕ್ ಮಾರ್ವಿನ್ನನಿಗಾಗಿ ಕೆಂಪು ಬಣ್ಣದ್ದೊಂದನ್ನು ತರಿಸಿಕೊಟ್ಟನು.

ಅದೇ ೧೯೫೯ರಲ್ಲಿ ದಂಡಿಯ ಮುಖಕ್ಕೆ ಬೀಟೆ ಮರದ ಪಟ್ಟಿಯನ್ನು ಅಂಟಿಸುವ ಪದ್ಧತಿ ಬಂದಿತು. ಬಿಳಿಯ ಮೇಪಲ್ ಮರವು ಬೆರಳಿನ ಬೆವರಿಗೆ ಕಪ್ಪಾಗಿ ಅಸಹ್ಯವಾಗಿ ಕಾಣುತ್ತಿದ್ದುದೇ ಕಾರಣ. ಮೊದಲು ಬ್ರೆಜಿಲ್ ದೇಶದ ಬೀಟೆ. ೧೯೬೦ರ ದಶಕದ ಮಧ್ಯದಿಂದೀಚೆಗೆ ಭಾರತದ ಬೀಟೆ. ಕೊಡಗಿನ ಮತ್ತು ಮಲೆನಾಡಿನ ಕಾಡುಗಳನ್ನು ಕಂಡವರಿಗೆ ಈ ಮರವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಅಜ್ಜನ ಕಾಲದ ಮಂಚಕ್ಕೂ ಬಾಗಿಲಿಗೂ ಅದೇ. ಘಟ್ಟದ ಸೀಮೆಯ ಮರವು ಕಡಲು ದಾಟಿ ಇನ್ನೊಂದು ಸಂಗೀತದ ಬೆರಳುಗಳ ಕೆಳಗೆ ಹೋಗಿ ಕುಳಿತುದು ಸಣ್ಣ ಸಂಗತಿಯೇನಲ್ಲ. ಅಳಿವಿಗೆ ಈಡಾಗುವ ಜೀವಜಾತಿಗಳ ವ್ಯಾಪಾರವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವು ೨೦೧೭ರಲ್ಲಿ ಬೀಟೆಯ ಕುಲದ ಮರಗಳೆಲ್ಲವನ್ನೂ ಹತೋಟಿಗೆ ಒಳಪಡಿಸಿದಾಗ ಗಿಟಾರಿನವರು ಕಂಗೆಟ್ಟರು. ೨೦೧೯ರಲ್ಲಿ ಸಿದ್ಧವಾದ್ಯಗಳಿಗೆ ವಿನಾಯಿತಿ ದೊರೆಯಿತು. ಆದರೆ ಅತಿಯಾಗಿ ಕಡಿದುಹೋದ ಬ್ರೆಜಿಲಿನ ಬೀಟೆಗೆ ೧೯೯೨ರಿಂದಲೂ ಇರುವ ಕಟ್ಟುನಿಟ್ಟು ಸಡಿಲಲಿಲ್ಲ.

ಇನ್ನು ವಾದಕರ ತಂಟೆ. ಮೂರು ಪಿಕಪ್ಪುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಲಿಯೊ ಮೂರು ಸ್ಥಾನಗಳ ಸ್ವಿಚ್ಚನ್ನು ಇಟ್ಟಿದ್ದನು. ಚೇಷ್ಟೆಯ ಬೆರಳುಗಳು ಅದನ್ನು ಎರಡು ಸ್ಥಾನಗಳ ನಡುವೆ ನಿಲ್ಲಿಸಿ ನೋಡಿದವು. ಆಗ ಎರಡು ಪಿಕಪ್ಪುಗಳು ಕೂಡಿ ನುಡಿದು, ನಿರ್ಮಾಪಕನು ಎಣಿಸದೆ ಇದ್ದ, ಸ್ವಲ್ಪ ಮೂಗಿನ ದನಿಯ ಇಂಪಾದ ನಾದವೊಂದು ಹೊರಟಿತು. ಜಾರಿಹೋಗದಂತೆ ಬೆಂಕಿಕಡ್ಡಿಯನ್ನು ಸಿಕ್ಕಿಸಿದವರೂ ಉಂಟು. ಕಾರ್ಖಾನೆಯವರು ಸೋತು ಐದು ಸ್ಥಾನಗಳ ಸ್ವಿಚ್ಚನ್ನು ಹಾಕಿದುದು ೧೯೭೭ರಲ್ಲಿ. ಸನ್ನೆಯ ಕತೆಯೂ ಹೀಗೆಯೇ. ಲಿಯೊನ ಮನಸ್ಸಿನಲ್ಲಿದ್ದುದು ಹವಾಯಿ ಗಿಟಾರಿನ ನವುರಾದ ತುಯ್ತ. ಅದೇ ಸನ್ನೆಯನ್ನು ಹಿಡಿದು ಇಂಗ್ಲೆಂಡಿನ ಜೆಫ್ ಬೆಕ್, ೧೯೮೯ರ ಹೊತ್ತಿಗೆ, ಮೆಟ್ಟಿಲುಗಳನ್ನು ಬಿಟ್ಟು ಸ್ವರದಿಂದ ಸ್ವರಕ್ಕೆ ಗಾಯಕನ ಕಂಠದಂತೆ ಜಾರುವುದನ್ನು ಸಾಧಿಸಿದನು. ಗಮಕದ ರುಚಿ ಬಲ್ಲವರು ಆ ವಾದನವನ್ನು ಕೇಳಿದರೆ ಅನ್ಯವೆಂದು ತಳ್ಳಲಾರರು.

೧೯೬೦ರ ದಶಕದ ಆರಂಭದಲ್ಲಿ ಲಿಯೊನನ್ನು ಗಂಟಲಿನ ಸೋಂಕಿನಿಂದ ಮೊದಲಾದ ವ್ಯಾಧಿಯೊಂದು ಬಿಡದೆ ಕಾಡಿತು. ವರ್ಷಗಳಾದರೂ ಗುಣಮುಖವಾಗಲಿಲ್ಲ. ಇನ್ನು ಬಹಳ ದಿನ ಬದುಕುವುದಿಲ್ಲವೆಂದೇ ಆತನು ತೀರ್ಮಾನಿಸಿಕೊಂಡನು. ಲೆಕ್ಕ ಓದಿದ ಮನುಷ್ಯ. ತನ್ನ ಹಿಂದೆ ವ್ಯವಹಾರವು ಸಿಕ್ಕುಗಳಾಗಿ ಉಳಿಯಬಾರದೆಂದು ಕಾರ್ಖಾನೆಯನ್ನು ಮಾರಲು ಒಪ್ಪಿದನು. ೧೯೬೫ರ ಜನವರಿಯಲ್ಲಿ ಕೊಲಂಬಿಯ ಬ್ರಾಡ್‌ಕಾಸ್ಟಿಂಗ್ ಕಂಪನಿಯು ಅದನ್ನು ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೆ ಕೊಂಡಿತು. ಹಿಂದಿನ ವರ್ಷ ನ್ಯೂಯಾರ್ಕಿನ ಹೆಸರಾಂತ ಯಾಂಕೀಸ್ ಬೇಸ್‌ಬಾಲ್ ತಂಡದ ಬಹುಪಾಲನ್ನು ಕೊಳ್ಳಲು ಆ ಕಂಪನಿಯು ತೆತ್ತ ಹಣವೂ ಇಷ್ಟಿರಲಿಲ್ಲ. ಕಟ್ಟಡ, ಯಂತ್ರ, ಹಕ್ಕುಪತ್ರಗಳ ಜೊತೆಯಲ್ಲಿ ಫೆಂಡರ್ ಎಂಬ ಹೆಸರೂ ಕೈ ಬದಲಾಯಿತು. ಆರುನೂರು ಡಾಲರಿನ ಸಾಲದಿಂದ ಆರಂಭಿಸಿದವನಿಗೆ ಇದು ಅಪಾರ ಧನ. ಆ ಬಳಿಕ ಬೇರೊಬ್ಬ ವೈದ್ಯನು ಬೇರೊಂದು ಔಷಧವನ್ನು ಕೊಟ್ಟನು, ಲಿಯೊ ಗುಣಹೊಂದಿದನು. ಸಾಯುವೆನೆಂದು ಮಾರಿದವನು ಮತ್ತೆ ಇಪ್ಪತ್ತಾರು ವರ್ಷ ಬದುಕಿದನು.

ಆತನ ವಾದ್ಯಕ್ಕೆ ಆಗ ದೊರೆತ ವಾದಕನು ಜಿಮಿ ಹೆಂಡ್ರಿಕ್ಸ್. ಸಿಯಾಟಲ್ ಪಟ್ಟಣದ ಬಡ ನೀಗ್ರೋ ಮನೆತನದಲ್ಲಿ ಹುಟ್ಟಿ, ಕೆಲಕಾಲ ಸೈನ್ಯದಲ್ಲಿ ವಿಮಾನದಿಂದ ಧುಮುಕುವ ಪಡೆಯಲ್ಲಿದ್ದವನು. ಎಡಗೈಯವನಾದುದರಿಂದ ಬಲಗೈಯವರ ಗಿಟಾರನ್ನು ತಲೆಕೆಳಗು ಮಾಡಿ, ತಂತಿಗಳನ್ನು ಮಾತ್ರ ಅದಲುಬದಲಾಗಿ ಕಟ್ಟಿಕೊಂಡನು. ಓರೆಯಾಗಿ ಕೂರಿಸಿದ ಪಿಕಪ್ಪು ತಿರುವುಮುರುವಾಯಿತು, ಸನ್ನೆಯೂ ಗುಂಡಿಗಳೂ ಮೇಲಕ್ಕೆ ಬಂದವು. ೧೯೬೭ರ ಜೂನ್ ೧೮ರಂದು ಮಾಂಟರೆ ಎಂಬಲ್ಲಿ ಆತನು ತನ್ನ ಸ್ಟ್ರಾಟೊಕ್ಯಾಸ್ಟರಿಗೆ ರಂಗದ ಮೇಲೆಯೇ ಬೆಂಕಿಯಿಟ್ಟನು. ವಾದ್ಯವನ್ನು ಕಣ್ಣಿಗೊತ್ತಿಕೊಂಡು ನುಡಿಸಲು ಕೂರುವ ಸಂಪ್ರದಾಯದಲ್ಲಿ ಬೆಳೆದವರಿಗೆ ಇದು ಜುಗುಪ್ಸೆಯನ್ನೇ ಉಂಟುಮಾಡುವುದು. ಅದನ್ನು ಸಮರ್ಥಿಸಬೇಕಾದ ಅಗತ್ಯವಿಲ್ಲ. ಆದರೆ ೧೯೬೯ರ ಆಗಸ್ಟ್ ೧೮ರ ಬೆಳಿಗ್ಗೆ ವುಡ್‌ಸ್ಟಾಕ್ ಉತ್ಸವದಲ್ಲಿ ಆತನು ಬಿಳಿಯ ಸ್ಟ್ರಾಟೊಕ್ಯಾಸ್ಟರಿನಲ್ಲಿ ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸಿದುದು ಬೇರೆಯ ಮಾತು. ವಿಯಟ್ನಾಂ ಯುದ್ಧವು ನಡೆಯುತ್ತಿದ್ದ ಕಾಲ. ಗೀತೆಯ ಪಂಕ್ತಿಗಳ ನಡುವೆ ಸನ್ನೆಯನ್ನು ಅದುಮಿ ಬಾಂಬು ಬೀಳುವ ಸದ್ದು, ವರ್ಧಕದ ಮುಂದೆ ಗಿಟಾರನ್ನು ಹಿಡಿದು ಆರ್ತನಾದ. ಒಂದು ಶಬ್ದವನ್ನೂ ಹಾಡದೆ ಎಲ್ಲವನ್ನೂ ಹೇಳಿದನು. ಯಾವ ಊಳನ್ನು ಹೋಗಲಾಡಿಸುವುದಕ್ಕಾಗಿ ಗಿಟಾರಿನ ಒಡಲನ್ನು ಗಟ್ಟಿ ಮಾಡಿದ್ದರೋ ಆ ಊಳನ್ನೇ ಆತನು ಹುಡುಕಿ ತಂದು ಶ್ರುತಿಗೆ ಹೊಂದಿಸಿ ನುಡಿಸಿದನು. ಮರುವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡನು, ವಯಸ್ಸು ೨೭.

ಹೊಸ ಒಡೆಯರ ಕಾಲದ ಗಿಟಾರುಗಳ ವಿಷಯವನ್ನು ವಿಸ್ತರಿಸಬೇಕಾದುದಿಲ್ಲ. ತಲೆಯನ್ನು ದೊಡ್ಡದು ಮಾಡಿದರು. ದಂಡಿಯ ನಾಲ್ಕು ತಿರುಪುಮೊಳೆಗಳಲ್ಲಿ ಒಂದನ್ನು ಉಳಿಸಿದರು. ತೂಕ ಹೆಚ್ಚಿತು, ಕೆಲಸ ಸಡಿಲವಾಯಿತೆಂದು ವಾದಕರು ಗೊಣಗಿದರು. ಅದರ ಫಲವಾಗಿ ಹಳೆಯ ಗಿಟಾರುಗಳನ್ನು ಹುಡುಕುವ ಗೀಳು ಬೆಳೆಯಿತು. ೧೯೭೦ರಲ್ಲಿ ಎರಿಕ್ ಕ್ಲ್ಯಾಪ್ಟನ್ ನ್ಯಾಶ್‌ವಿಲ್ ಪಟ್ಟಣದ ಅಂಗಡಿಯೊಂದರಲ್ಲಿ ೧೯೫೦ರ ಕಾಲದ ಆರು ಸ್ಟ್ರಾಟೊಕ್ಯಾಸ್ಟರುಗಳನ್ನು ತಲಾ ನೂರು ಡಾಲರಿನ ಆಸುಪಾಸಿಗೆ ಕೊಂಡು, ಮೂರನ್ನು ಸ್ನೇಹಿತರಿಗೆ ಹಂಚಿ, ಉಳಿದ ಮೂರರ ಉತ್ತಮ ಭಾಗಗಳನ್ನು ಬಿಚ್ಚಿ ಕೂಡಿಸಿ ಒಂದು ಮಾಡಿಕೊಂಡನು. ತಿರುಪುಮೊಳೆಗಳ ವಾದ್ಯವಲ್ಲದೆ ಸರೇಸಿನ ವಾದ್ಯವಾಗಿದ್ದರೆ ಇದು ಸಾಧ್ಯವಿರಲಿಲ್ಲ. ೨೦೦೪ರಲ್ಲಿ ವ್ಯಸನಮುಕ್ತಿಯ ಧರ್ಮಕಾರ್ಯಕ್ಕಾಗಿ ಅದನ್ನು ಹರಾಜು ಹಾಕಿದಾಗ ೯,೫೯,೫೦೦ ಡಾಲರು ಬಂದಿತು. ೨೦೧೯ರಲ್ಲಿ ಡೇವಿಡ್ ಗಿಲ್ಮೋರನ ಕಪ್ಪು ಸ್ಟ್ರಾಟೊಕ್ಯಾಸ್ಟರು ೩೯,೭೫,೦೦೦ ಡಾಲರಿಗೆ ಹೋಯಿತು. ಹೊಟ್ಟೆಪಾಡಿನ ವಾದಕರಿಗೆಂದು ಮಾಡಿದ ವಸ್ತು ಧನಿಕರ ಗಾಜಿನ ಪೆಟ್ಟಿಗೆಯನ್ನು ಸೇರುವುದು ನೋಡಲು ಚೆಂದವೇನೂ ಅಲ್ಲ.

೧೯೮೫ರಲ್ಲಿ ಕೊಲಂಬಿಯ ಕಂಪನಿಯವರು ಬೇಸತ್ತು ಕೈಬಿಟ್ಟಾಗ, ವಿಲಿಯಂ ಷುಲ್ಟ್ಸ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಕಾರ್ಖಾನೆಯ ಕೆಲವು ನೌಕರರೇ ಕೂಡಿ ಅದನ್ನು ಒಂದು ಕೋಟಿ ಇಪ್ಪತ್ತೈದು ಲಕ್ಷ ಡಾಲರಿಗೆ ಕೊಂಡರು. ದೊರೆತುದು ಹೆಸರು ಮತ್ತು ಹಕ್ಕುಗಳು. ಫುಲರ್ಟನ್ನಿನ ಕಟ್ಟಡಗಳು ಸೇರಿರಲಿಲ್ಲ. ಸಮೀಪದ ಕೊರೋನ ಎಂಬಲ್ಲಿ ಹೊಸದಾಗಿ ಕಾರ್ಖಾನೆ ಹೂಡಿ, ಹಳೆಯ ಅಳತೆಗಳಿಗೆ ಹಿಂದಿರುಗಿ ವಾದ್ಯದ ಮಾನವನ್ನು ಉಳಿಸಿದರು. ಆದರೆ ಅದರ ಆಕಾರವು ಅಷ್ಟರಲ್ಲಿ ಎಲ್ಲರದೂ ಆಗಿಹೋಗಿತ್ತು. ಒಡಲಿನ ರೇಖೆಯು ತಮ್ಮ ಮುದ್ರೆಯೆಂದು ಕಂಪನಿಯವರು ಬಹುಕಾಲದ ಮೇಲೆ ಕೇಳಿಕೊಂಡಾಗ, ೨೦೦೯ರಲ್ಲಿ ಅಮೆರಿಕದ ವ್ಯಾಪಾರಮುದ್ರೆಗಳ ನ್ಯಾಯಮಂಡಲಿಯು ಒಪ್ಪಲಿಲ್ಲ. ಐವತ್ತು ವರ್ಷ ಯಾರು ಬೇಕಾದವರು ಮಾಡಿಕೊಂಡು ಬಂದ ರೂಪವು ಗಿಟಾರೆಂಬುದರ ಸಾಮಾನ್ಯ ರೂಪವೇ ಆಗಿದೆಯೆಂದು ಅದರ ಅಭಿಪ್ರಾಯ.

ಲಿಯೊನ ವಿಷಯ ಉಳಿಯಿತು. ಮಾರಿದ ಬಳಿಕ ಐದು ವರ್ಷ ಆತನು ಹೊಸ ಒಡೆಯರಿಗೆ ಸಲಹೆಗಾರನಾಗಿದ್ದನು. ಸಲಹೆಗಳು ಹೆಚ್ಚಾಗಿ ಬಳಕೆಗೆ ಬರಲಿಲ್ಲ. ಹತ್ತು ವರ್ಷ ಪ್ರತಿಸ್ಪರ್ಧಿಯಾಗಬಾರದೆಂಬ ಕರಾರು ಬೇರೆ ಇದ್ದಿತು. ಅದು ತೀರಿದೊಡನೆ, ೧೯೭೫ರಲ್ಲಿ, ಹಳೆಯ ಸಹೋದ್ಯೋಗಿಗಳ ಮ್ಯೂಸಿಕ್ ಮ್ಯಾನ್ ಕಂಪನಿಗೆ ಬಹಿರಂಗವಾಗಿ ಅಧ್ಯಕ್ಷನಾದನು. ಅಲ್ಲಿ ಮನಸ್ತಾಪ ಬಂದು ಹೊರಟು, ೧೯೮೦ರ ಹೊತ್ತಿಗೆ ಜಾರ್ಜ್ ಫುಲರ್ಟನ್ನನೊಡನೆ ಮತ್ತೊಂದು ಕಾರ್ಖಾನೆಯನ್ನು ತೆರೆದನು. ಜಾರ್ಜ್ ಮತ್ತು ಲಿಯೊ ಎಂಬ ಹೆಸರುಗಳ ಮೊದಲಕ್ಷರಗಳಿಂದ ಅದಕ್ಕೆ ಜಿ ಅಂಡ್ ಎಲ್ ಎಂಬ ಹೆಸರಾಯಿತು. ಸ್ವಂತ ಮನೆತನದ ಹೆಸರನ್ನು ವ್ಯಾಪಾರದ ಹೆಸರಾಗಿ ವಾದ್ಯದ ತಲೆಯ ಮೇಲೆ ಬರೆಯುವ ಅಧಿಕಾರವು ಆತನಿಗೆ ಇರಲಿಲ್ಲ. ಕಾರ್ಖಾನೆಯು ನಿಂತಿದ್ದ ಬೀದಿಗೆ ಮಾತ್ರ ಫೆಂಡರ್ ಅವೆನ್ಯೂ ಎಂದೇ ಹೆಸರು. ೧೯೮೫ರಲ್ಲಿ ಹೊಸ ಗಿಟಾರೊಂದಕ್ಕೆ ಬ್ರಾಡ್‌ಕ್ಯಾಸ್ಟರ್ ಎಂದು ಹೆಸರಿಟ್ಟು ನೋಡಿದನು. ಈ ಸಲ ಆಕ್ಷೇಪಣೆ ಬಂದುದು ಗ್ರೆಚ್ ಕಂಪನಿಯಿಂದಲ್ಲ, ಫೆಂಡರ್ ಕಂಪನಿಯಿಂದ. ಆ ಹೆಸರನ್ನು ಎರಡನೆಯ ಬಾರಿ ಬಿಟ್ಟುಕೊಟ್ಟನು.

ಇದರಿಂದ ಆತನು ನೊಂದನೆ? ಎಲ್ಲರೆದುರು ಮಾತಾಡುವ ಸ್ವಭಾವದವನಲ್ಲ. ಕೆಲಸದ ಮೇಜಿನ ಬಳಿಗೆ ಮಾತ್ರ ತಪ್ಪದೆ ಬರುತ್ತಿದ್ದನು; ಪಿಕಪ್ಪಿನ ಸುರುಳಿಯನ್ನೂ ಕುದುರೆಯ ಆಧಾರವನ್ನೂ ಇನ್ನೂ ತಿದ್ದುತ್ತಿದ್ದನು. ತನ್ನ ಹಳೆಯ ಗಿಟಾರುಗಳಿಗಿಂತ ಇವೇ ಉತ್ತಮವೆಂದು ಹೇಳುತ್ತಿದ್ದನು. ಸಾವಿರಾರು ಡಾಲರು ತೆತ್ತು ಹಳೆಯವನ್ನೇ ಹುಡುಕುವ ಜನರು ಆ ಮಾತನ್ನು ಲಕ್ಷ್ಯಕ್ಕೆ ತರಲಿಲ್ಲ. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ವ್ಯಾಧಿಯಿಂದ ಆತನ ದೇಹವು ಹತೋಟಿ ತಪ್ಪುತ್ತ ಬಂದಿತು. ೧೯೯೧ರ ಮಾರ್ಚ್ ೨೦ರಂದು ಎಂದಿನಂತೆ ಕಾರ್ಖಾನೆಗೆ ಬಂದು ಕೆಲಸ ಮಾಡಿ ಮನೆಗೆ ಹೋದನು. ಮರುದಿನ ತೀರಿಕೊಂಡನು. ಆತನು ದುಡಿಯುತ್ತಿದ್ದ ಕೋಣೆಯನ್ನು ಅಲ್ಲಿನವರು ಅನಂತರವೂ ಬಹುಕಾಲ, ಮೇಜಿನ ಮೇಲಿನ ಉಪಕರಣಗಳನ್ನು ಕದಲಿಸದೆ, ಇದ್ದುದು ಇದ್ದ ಹಾಗೆಯೇ ಇಟ್ಟುಕೊಂಡಿದ್ದರು.